ಕುದುರೆಗೆ ಮೊಂಡುತನ ಕಲಿಸಿದವರು ಯಾರು?

ಟ್ರೇಲರು ಅಂಗಳಕ್ಕೆ ಬಂದು ನಿಂತಿದೆ. ಹಿಂಬಾಗಿಲನ್ನು ಇಳಿಜಾರಾಗಿ ನೆಲಕ್ಕೆ ಇಳಿಸಿದ್ದಾರೆ. ಅಲ್ಲಿಯತನಕ ಸಾಧುವಾಗಿ ನಡೆದು ಬಂದ ಕುದುರೆ ಆ ಹಲಗೆಯ ಮುಂದೆ ಬಂದದ್ದೇ ತಡ, ನಾಲ್ಕೂ ಕಾಲು ಊರಿ ನಿಂತುಬಿಡುತ್ತದೆ. ಒಬ್ಬ ಮುಂದಿನಿಂದ ಹಗ್ಗ ಜಗ್ಗುತ್ತಾನೆ, ಇನ್ನೊಬ್ಬ ಹಿಂದಿನಿಂದ ಚಾವಟಿ ಝಳಪಿಸುತ್ತಾನೆ, ಮತ್ತಿಬ್ಬರು ಅದರ ಹಿಂಗಾಲುಗಳ ಹಿಂದೆ ಹಗ್ಗ ಬಳಸಿ ನೂಕುತ್ತಾರೆ. ಕುದುರೆ ಮುಂಗಾಲೆತ್ತಿ ನಿಲ್ಲುತ್ತದೆ, ಹಗ್ಗ ಹಿಡಿದವನ ಅಂಗೈ ಸುಲಿಯುತ್ತದೆ. ಸುಮಾರು ಐನೂರು ಕಿಲೋ ತೂಗುವ ಪ್ರಾಣಿಯೊಡನೆ ಹಗ್ಗಜಗ್ಗಾಟ ಆಡಿ ಗೆದ್ದವರಿಲ್ಲ. ಎಲ್ಲರೂ ದಣಿದು ‘ನಾಳೆ ನೋಡೋಣ ಬಿಡು’ ಎಂದು ಅದನ್ನು ಲಾಯಕ್ಕೆ ವಾಪಸು ಕರೆದೊಯ್ಯುತ್ತಾರೆ. ಅಂದಿನಿಂದ ಅದು ಮೊಂಡು ಕುದುರೆ.

ಇದೇ ಒಂದು ಗಂಟೆಯನ್ನು ಕುದುರೆಯ ಕಡೆಯಿಂದ ನೋಡಿ. ಮುಂದಕ್ಕೆ ಹೆಜ್ಜೆ ಇಟ್ಟಾಗಲೂ ಚಾವಟಿಯ ಸದ್ದು ನಿಲ್ಲಲಿಲ್ಲ. ಮುಂಗಾಲೆತ್ತಿದಾಗ ಹಗ್ಗ ಸಡಿಲವಾಯಿತು. ಇನ್ನೂ ಮೇಲಕ್ಕೆ ಎತ್ತಿದಾಗ ಸುತ್ತಲಿದ್ದವರು ದೂರ ಸರಿದರು. ಅದೇ ಪಟ್ಟು ಹಿಡಿದು ನಿಂತದ್ದಕ್ಕೆ ಕೊನೆಗೆ ತನ್ನ ಲಾಯವೇ ಸಿಕ್ಕಿತು, ಮುಂದೆ ಹುಲ್ಲೂ ಬಿತ್ತು. ಯಾವ ಕೆಲಸಕ್ಕೆ ಯಾವ ಫಲ ಎಂಬುದನ್ನು ಕುದುರೆ ಆ ಒಂದು ಗಂಟೆಯಲ್ಲಿ ಚೆನ್ನಾಗಿಯೇ ಕಲಿತಿದೆ. ಮೊಂಡುತನ ಅದರ ಹುಟ್ಟುಗುಣವಲ್ಲ, ಮನುಷ್ಯರು ಅದಕ್ಕೆ ಗೊತ್ತಿಲ್ಲದೆ ಕಲಿಸಿದ ಪಾಠ. ಹಾಗೆ ಕಲಿಸಿದ್ದನ್ನು ಹಿಡಿ ಮೇವಿನಿಂದ, ಸರಿಯಾದ ಗಳಿಗೆಯಲ್ಲಿ ಕೊಟ್ಟ ಒಂದು ತುಂಡು ಕ್ಯಾರೆಟ್ಟಿನಿಂದ ಬೇರೆಯಾಗಿ ಕಲಿಸಬಹುದು ಎಂಬುದಕ್ಕೆ ಈಗ ಗಟ್ಟಿಯಾದ ಆಧಾರಗಳಿವೆ.

ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಹಸಿದ ಬೆಕ್ಕುಗಳನ್ನು ಒಗಟಿನ ಪೆಟ್ಟಿಗೆಗಳಲ್ಲಿ ಕೂಡಿಟ್ಟು, ಅಗಳಿ ಸರಿಸಿ ಹೊರಬಂದರೆ ಮೀನಿನ ತುಂಡು ಸಿಗುವಂತೆ ಮಾಡಿ ಬರೆದಿಟ್ಟದ್ದು ಇಷ್ಟೇ: ಒಳ್ಳೆಯ ಫಲ ತಂದ ವರ್ತನೆ ಮತ್ತೆ ಮತ್ತೆ ಬರುತ್ತದೆ, ಫಲ ತಾರದ್ದು ಉದುರಿಹೋಗುತ್ತದೆ. ಬಿ.ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಇದನ್ನು ಇಲಿಗಳ ಮೇಲಿನ ಪ್ರಯೋಗಗಳಿಂದ ಒಂದು ಶಾಸ್ತ್ರವಾಗಿಯೇ ಬೆಳೆಸಿದ. ಕುದುರೆಯ ಲಾಯದಲ್ಲಿ ಇದಕ್ಕೆ ಪುಸ್ತಕವೇ ಬೇಡ. ಬೆಳಗಿನ ಹುರುಳಿಯ ಬಕೆಟ್ಟು ಸದ್ದು ಮಾಡಿದ ಕೂಡಲೇ ಒಂದು ಕುದುರೆ ಬಾಗಿಲಿಗೆ ಗೊರಸಿನಿಂದ ದಬದಬ ಬಡಿಯತೊಡಗುತ್ತದೆ. ಬಾಗಿಲು ಮುರಿದೀತೆಂದು ಕುದುರೆ ನೋಡಿಕೊಳ್ಳುವ ಸೈಸ್ ಮೊದಲು ಅದಕ್ಕೇ ಮೇವು ಹಾಕಿ ಬರುತ್ತಾನೆ. ಬಡಿದರೆ ಮೇವು ಬೇಗ ಬರುತ್ತದೆಂದು ದಿನಕ್ಕೆರಡು ಬಾರಿ ಪಾಠವಾಗುತ್ತಿದೆ, ಪಾಠ ಹೇಳುತ್ತಿರುವವನಿಗೆ ಮಾತ್ರ ಅದು ತಿಳಿದಿಲ್ಲ. ಒಂದು ದಿನ ಗಟ್ಟಿ ಮನಸ್ಸು ಮಾಡಿ ಅವನು ಮೇವು ತಡೆದರೆ ಬಡಿತ ನಿಲ್ಲುವುದಿಲ್ಲ, ಮೊದಲು ಇನ್ನೂ ಜೋರಾಗುತ್ತದೆ. ಆಗ ಹೆದರಿ ಮೇವು ಹಾಕಿಬಿಟ್ಟರೆ, ಇನ್ನೂ ಜೋರಾಗಿ ಬಡಿಯಬೇಕೆಂಬುದನ್ನೂ ಕಲಿಸಿದಂತಾಯಿತು. ಬಹುಪಾಲು ಲಾಯಗಳ ‘ಕೆಟ್ಟ’ ಕುದುರೆಗಳು ಹೀಗೆ ತಯಾರಾದವು.

ಕಲಿಸಲು ಕೂರುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಅದನ್ನು ಬಿಟ್ಟು ಮುಂದೆ ಹೋದರೆ ಉಳಿದದ್ದೆಲ್ಲ ಅನ್ಯಾಯ. ಕುದುರೆಗೆ ಎಲ್ಲಾದರೂ ನೋವಿದೆಯೇ ಎಂದು ಪಶುವೈದ್ಯರಿಂದ ನೋಡಿಸಬೇಕು. ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊರೆಯುತ್ತಿದ್ದರೆ ಅದು ಕಡಿವಾಣ ಕಚ್ಚಲು ಒಲ್ಲೆನ್ನುತ್ತದೆ. ಜೀನು ಬೆನ್ನಿಗೆ ಒತ್ತುತ್ತಿದ್ದರೆ ಸವಾರ ಹತ್ತಲು ಬಂದಾಗ ಸರಿದು ನಿಲ್ಲುತ್ತದೆ. ಜಠರದ ಹುಣ್ಣು ಪಂದ್ಯದ ಕುದುರೆಗಳಲ್ಲಿ ತೀರಾ ಸಾಮಾನ್ಯ. ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಮತ್ತು ಸಹೋದ್ಯೋಗಿಗಳು ಸವಾರಿಯ ವೇಳೆ ಗಮನಿಸಬೇಕಾದ 24 ವರ್ತನೆಗಳ ಪಟ್ಟಿ ಮಾಡಿದ್ದಾರೆ. ಕಿವಿ ಹಿಂದಕ್ಕೆ ಮಡಚುವುದು, ಬಾಲ ಬೀಸುವುದು, ಮುಂದೆ ಹೋಗಲೊಲ್ಲದೆ ನಿಲ್ಲುವುದು ಇಂಥವು. ಎಂಟು ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಕುದುರೆಯ ಮೈಕೈಯಲ್ಲಿ ನೋವಿರುವ ಸಂಭವ ಹೆಚ್ಚು. ಸವಾರರು ಹಟವೆಂದು ಬೈಯುವ ಎಷ್ಟೋ ವರ್ತನೆಗಳು ಆ ಪಟ್ಟಿಯಲ್ಲಿವೆ.

ನೋವಿಲ್ಲ ಎಂದಾದ ಮೇಲೆ ಉಳಿಯುವುದು ಹೆಚ್ಚಾಗಿ ಭಯ. ಟ್ರೇಲರನ್ನೇ ತೆಗೆದುಕೊಳ್ಳಿ. ಬಯಲಲ್ಲಿ ಓಡಿ ಬದುಕುಳಿದ ಪ್ರಾಣಿಗೆ ಅದು ಇಕ್ಕಟ್ಟಾದ, ಒಂದೇ ಬಾಯಿಯ ಗುಹೆ. ಬಿಸಿಲಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು. ಕಾಲಿಟ್ಟರೆ ಹಲಗೆ ಡಬ್ ಎಂದು ಟೊಳ್ಳು ಸದ್ದು ಮಾಡುತ್ತದೆ. ಇಷ್ಟರ ಮೇಲೆ ಅಲ್ಲೇ ಚಾವಟಿಯೇಟೂ ಬಿದ್ದರೆ? ಗ್ರೀಸಿನ ಕ್ಸೆನೊಫೋನ್ ಸುಮಾರು 2,400 ವರ್ಷಗಳ ಹಿಂದೆ ಕುದುರೆ ಸವಾರಿಯ ಕುರಿತು ಬರೆದ ಪುಸ್ತಕದಲ್ಲೇ ಇದಕ್ಕೆ ಉತ್ತರವಿದೆ. ಬೆದರಿದ ಕುದುರೆಯನ್ನು ಹೊಡೆದರೆ ಬೆದರಿಕೆ ಹೆಚ್ಚುತ್ತದೆ, ಆ ನೋವು ಬಂದದ್ದು ತಾನು ಹೆದರಿದ ವಸ್ತುವಿನಿಂದಲೇ ಎಂದು ಅದು ತಿಳಿಯುತ್ತದೆ ಎಂದು ಆ ಸೇನಾನಿ ಎಚ್ಚರಿಸಿದ್ದ. ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಲೇಬೇಡಿ ಎಂಬುದೂ ಅವನದೇ ಮಾತು. ಯುದ್ಧಭೂಮಿಯಲ್ಲಿ ಬದುಕಿದವನು ಹೇಳಿದ್ದರಿಂದ ಇದನ್ನು ಮೃದು ಮನಸ್ಸಿನವರ ಮಾತೆಂದು ತಳ್ಳಿಹಾಕುವಂತಿಲ್ಲ.

ಟ್ರೇಲರ್ ಹತ್ತದ ಕುದುರೆಗಳ ಮೇಲೆ ನಡೆದ ಒಂದು ಪ್ರಯೋಗವನ್ನು ವಿವರವಾಗಿ ಹೇಳಬೇಕು. ಉತ್ತರ ಟೆಕ್ಸಸ್ ವಿಶ್ವವಿದ್ಯಾಲಯದ ಫರ್ಗ್ಯುಸನ್ ಮತ್ತು ರೊಸಾಲೆಸ್-ರೂಯಿಸ್ 2001ರಲ್ಲಿ ಪ್ರಕಟಿಸಿದ್ದು ಅದು. ಅವರ ಕೈಗೆ ಬಂದದ್ದು ಕ್ವಾರ್ಟರ್ ಹಾರ್ಸ್ ತಳಿಯ ಐದು ಹೆಣ್ಣು ಕುದುರೆಗಳು. ಐದನ್ನೂ ಹಿಂದೆ ನೋವು, ಬೆದರಿಕೆಗಳಿಂದಲೇ ಟ್ರೇಲರಿಗೆ ಹತ್ತಿಸಲಾಗಿತ್ತು. ಸಂಶೋಧಕರು ಪಾಠವನ್ನು ಟ್ರೇಲರಿನಿಂದ ಶುರು ಮಾಡಲಿಲ್ಲ. ಗುರಿ ಎಂದು ಒಂದು ವಸ್ತುವನ್ನು ಕುದುರೆಯ ಮೂತಿಯ ಹತ್ತಿರ ಹಿಡಿದರು. ಮೂಸಿ ನೋಡುವುದು ಕುದುರೆಯ ಸ್ವಭಾವ, ಮೂತಿ ತಾಗಿಸಿತು. ತಾಗಿಸಿದ್ದಕ್ಕೆ ತಿನಿಸು. ಗುರಿಯನ್ನು ಮುಟ್ಟಿದರೆ ತಿನ್ನಲು ಸಿಗುತ್ತದೆ ಎಂದು ಖಚಿತವಾದ ಮೇಲೆ ಆ ಗುರಿ ಎಲ್ಲಿ ಹೋದರೂ ಕುದುರೆ ಹಿಂದೆ ಬರುತ್ತದೆ. ಆಮೇಲೆ ಗುರಿಯನ್ನು ಟ್ರೇಲರಿನ ಒಳಗೆ ಬೇರೆ ಬೇರೆ ಕಡೆ ಇಡುತ್ತ ಹೋದರು. ಬಾಗಿಲ ಬಳಿ ಬಂದದ್ದಕ್ಕೆ ತಿನಿಸು, ಸ್ವಲ್ಪ ಒಳಬಂದದ್ದಕ್ಕೆ ತಿನಿಸು, ಇನ್ನೂ ಒಳಗೆ ಬಂದದ್ದಕ್ಕೆ ತಿನಿಸು. ಎರಡು ಕುದುರೆಗಳ ಟ್ರೇಲರಾದ್ದರಿಂದ ಮೊದಲು ಎಡಭಾಗ, ಅದು ಪಳಗಿದ ಮೇಲೆ ಬಲಭಾಗ, ನಂತರ ಎರಡೂ ಕಡೆ. ಒಂದು ಕುದುರೆ ಮಾತ್ರ ತಡವರಿಸಿತು. ಅದಕ್ಕೆ ಜತೆಗೊಂದು ಕುದುರೆಯನ್ನು ನಿಲ್ಲಿಸಿದರು, ತಿನಿಸು ಬೇಕಾದರೆ ಇಂತಿಷ್ಟು ಹೊತ್ತಿನೊಳಗೆ ಬರಬೇಕೆಂಬ ಮಿತಿಯನ್ನೂ ಇಟ್ಟರು. ಅದೂ ಹತ್ತಿತು.

ಐದೂ ಕುದುರೆಗಳು ಟ್ರೇಲರ್ ಹತ್ತಿದವೆನ್ನುವುದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇನ್ನೆರಡು ಸಂಗತಿ. ಸಂಶೋಧಕರು ಬೇಡದ ವರ್ತನೆಗಳನ್ನೂ ಎಣಿಸುತ್ತಿದ್ದರು. ಗುರಿಯ ಪಾಠ ಶುರುವಾದ ಮೇಲೆ ಅವು ಒಮ್ಮೆಗೇ ಸೊನ್ನೆಗೆ ಇಳಿದವು. ಅವುಗಳನ್ನು ಅಡಗಿಸಲೆಂದು ಯಾರೂ ಏನೂ ಮಾಡಿರಲಿಲ್ಲ. ಇನ್ನೊಂದು, ಬೇರೆ ತರಬೇತಿದಾರ ಬಂದಾಗಲೂ, ಬೇರೆ ಟ್ರೇಲರ್ ತಂದು ನಿಲ್ಲಿಸಿದಾಗಲೂ ಕಲಿತದ್ದು ಉಳಿಯಿತು. ಒಬ್ಬ ಗುರುವಿನ ಕೈಗುಣದಿಂದ ಆದ ಪವಾಡ ಅದಲ್ಲ, ಯಾರು ಬೇಕಾದರೂ ಕಲಿತು ಮಾಡಬಹುದಾದ ಕೆಲಸ.

ಹಾಗಾದರೆ ನೇರವಾಗಿ ಕ್ಯಾರೆಟ್ ತೋರಿಸಿ ಒಳಗೆ ಕರೆದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ, ಅಥವಾ ಒಂದೇ ಸಲ ಆಗುತ್ತದೆ. ಮುಂದೆ ಹಿಡಿದ ಕ್ಯಾರೆಟ್ಟಿನ ಮೇಲೆಯೇ ಕಣ್ಣಿಟ್ಟ ಕುದುರೆ ತನ್ನ ಕಾಲು ಎಲ್ಲಿದೆ ಎಂಬುದನ್ನೇ ಗಮನಿಸಿರುವುದಿಲ್ಲ. ಒಳಗೆ ಹೋದೊಡನೆ ಹಿಂದಿನಿಂದ ಬಾಗಿಲು ಬಡಿದರೆ ಮುಂದಿನ ಸಲ ಅದಕ್ಕೆ ಕ್ಯಾರೆಟ್ಟೇ ಅಪಾಯದ ಸೂಚನೆ. ಮೊದಲೇ ತೋರಿಸಿದ್ದು ಲಂಚ, ಮಾಡಿದ ಮೇಲೆ ಬಂದದ್ದು ಬಹುಮಾನ. ಎರಡರಲ್ಲೂ ಕ್ಯಾರೆಟ್ ಒಂದೇ ಆದರೂ ಕುದುರೆ ಕಲಿಯುವುದು ಬೇರೆ ಬೇರೆ. ಈ ಕಾರಣಕ್ಕೇ ಒಳ್ಳೆಯ ತರಬೇತಿದಾರರು ಟ್ರೇಲರಿನಲ್ಲಿ ಒಳಗೆ ಹೋಗುವುದಕ್ಕಿಂತ ಮುಂಚೆ ಹಿಂದೆ ಬರುವುದನ್ನು ಕಲಿಸುತ್ತಾರೆ. ಒಂದು ಕಾಲಿಟ್ಟಿತು, ತಿಂದಿತು, ಈಗ ಹಿಂದೆ ಬಾ. ಬೇಕೆಂದಾಗ ಹೊರಬರಬಹುದೆಂದು ಗೊತ್ತಾದ ಕುದುರೆ ಒಳಗೆ ನಿಲ್ಲಲು ಹಿಂಜರಿಯುವುದಿಲ್ಲ.

ಸರಿಯಾದ ಗಳಿಗೆ ಎಂದೆನಲ್ಲ, ಈ ಕ್ರಮದ ಪ್ರಾಣ ಇರುವುದೇ ಅಲ್ಲಿ. ಕುದುರೆ ಕಾಲು ಎತ್ತಿ ಹಲಗೆಯ ಮೇಲಿಟ್ಟ ಕ್ಷಣಕ್ಕೂ ನಿಮ್ಮ ಕೈ ಚೀಲದೊಳಗೆ ಹೋಗಿ ಬರುವುದಕ್ಕೂ ನಡುವೆ ಎರಡು ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ಅದು ಕಾಲು ಹಿಂದೆ ತೆಗೆದು, ತಲೆ ಕೊಡವಿ, ನಿಮ್ಮ ಜೇಬಿಗೆ ಮೂತಿ ಹಾಕಿರುತ್ತದೆ. ತಿನಿಸು ಸಿಕ್ಕಿದ್ದು ಜೇಬಿಗೆ ಮೂತಿ ಹಾಕಿದ್ದಕ್ಕೆ ಎಂದಾಯಿತು. ಈ ಎರಡು ಸೆಕೆಂಡಿನ ಕಂದಕವನ್ನು ಒಂದು ಚಿಕ್ಕ ಸದ್ದು ದಾಟಿಸುತ್ತದೆ. ಕ್ಲಿಕ್ಕರ್ ಎಂಬ, ಅಂಗೈಯಲ್ಲಿ ಹಿಡಿಸುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಮಾಡುವ ಕಟ್ ಸದ್ದು, ಇಲ್ಲವೇ ನಾಲಗೆಯಿಂದ ಹೊಡೆದ ಲೊಟಕು. ಸದ್ದಾದ ಮೇಲೆ ತಿನಿಸು ಖಂಡಿತ ಬರುತ್ತದೆ ಎಂದು ಮೊದಲೇ ರೂಢಿ ಮಾಡಿಸಿರುತ್ತಾರೆ. ಆಮೇಲೆ ಆ ಸದ್ದು ಕ್ಯಾಮೆರಾದ ಹಾಗೆ, ಒತ್ತಿದ ಗಳಿಗೆಯಲ್ಲಿ ಕುದುರೆ ಏನು ಮಾಡುತ್ತಿತ್ತೋ ಅದನ್ನೇ ಹಿಡಿದಿಡುತ್ತದೆ.

ಈ ಉಪಾಯ ಬೆಳೆದದ್ದು ನೀರಿನಲ್ಲಿ. ಈಜಿ ದೂರ ಹೋಗಬಲ್ಲ ಡಾಲ್ಫಿನ್ನಿಗೆ ಹಗ್ಗ ಕಟ್ಟಲಾಗದು, ಚಾವಟಿಯೂ ತಾಗದು. 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಡಾಲ್ಫಿನ್‌ಗಳಿಗೆ ಪಾಠ ಹೇಳಿದ ಕರೆನ್ ಪ್ರಯರ್ ಅವರ ಕೈಯಲ್ಲಿದ್ದದ್ದು ಒಂದು ಸೀಟಿ ಮತ್ತು ಒಂದು ಬಕೆಟ್ ಮೀನು. ಅವರು 1984ರಲ್ಲಿ ಬರೆದ ‘ಡೋಂಟ್ ಶೂಟ್ ದ ಡಾಗ್’ ಪುಸ್ತಕ ನಾಯಿ ಸಾಕುವವರ ನಡುವೆ ಈ ಕ್ರಮವನ್ನು ಹರಡಿತು. ಅಲೆಕ್ಸಾಂಡ್ರಾ ಕರ್ಲಂಡ್ 1998ರಲ್ಲಿ ಕುದುರೆಗಳಿಗೆಂದೇ ಕ್ಲಿಕ್ಕರ್ ತರಬೇತಿಯ ಪುಸ್ತಕ ಬರೆದರು. ಡಾಲ್ಫಿನ್ನಿನ ಮೇಲೆ ಬಲಪ್ರಯೋಗ ಸಾಧ್ಯವಿರಲಿಲ್ಲವಾದ್ದರಿಂದ ಮನುಷ್ಯ ಬುದ್ಧಿ ಓಡಿಸಿದ. ಕುದುರೆಗೆ ಹಗ್ಗ ಹಾಕಬಹುದಾದ್ದರಿಂದ ಸಾವಿರಾರು ವರ್ಷ ಓಡಿಸಲಿಲ್ಲ.

ಹಳೆಯ ಕುದುರೆಗಾರರ ದೊಡ್ಡ ಆಕ್ಷೇಪಣೆ ಒಂದಿದೆ. ಕೈಯಿಂದ ತಿನ್ನಿಸಿದ ಕುದುರೆ ಕಚ್ಚುವುದನ್ನು ಕಲಿಯುತ್ತದೆ ಎನ್ನುತ್ತಾರೆ. ಸುಮ್ಮಸುಮ್ಮನೆ ತಿನ್ನಿಸಿದರೆ ಆ ಮಾತು ನಿಜ. ಕಂಡಾಗಲೆಲ್ಲ ಜೇಬಿನಿಂದ ಬೆಲ್ಲ ತೆಗೆದುಕೊಡುವ ಒಡೆಯನ ಜೇಬನ್ನು ಕುದುರೆ ಹರಿಯದೆ ಬಿಡುವುದಿಲ್ಲ. ಆದ್ದರಿಂದಲೇ ಈ ಕ್ರಮದ ಮೊದಲ ಪಾಠ ಸಭ್ಯತೆಯದು. ಕುದುರೆ ಲಾಯದೊಳಗೆ, ಕಲಿಸುವವರು ಅರೆಬಾಗಿಲಿನ ಹೊರಗೆ, ಸೊಂಟದಲ್ಲಿ ತಿನಿಸಿನ ಚೀಲ. ವಾಸನೆ ಹಿಡಿದ ಕುದುರೆ ಕತ್ತು ಚಾಚಿ ಚೀಲವನ್ನು ಮೂಸುತ್ತದೆ, ತುಟಿಯಿಂದ ತಡಕಾಡುತ್ತದೆ, ತೋಳನ್ನು ನೂಕುತ್ತದೆ. ಬೈಯುವುದಿಲ್ಲ, ತಳ್ಳುವುದಿಲ್ಲ, ಸುಮ್ಮನೆ ನಿಲ್ಲಬೇಕು. ಕೆಲಹೊತ್ತಿಗೆ ಬೇಸತ್ತು ಅದು ತಲೆಯನ್ನು ಒಂದಿಷ್ಟು ಆಚೆ ತಿರುಗಿಸುತ್ತದೆ. ಕಟ್. ತಿನಿಸು. ಅದನ್ನು ಕೊಡುವುದೂ ಚೀಲದ ಹತ್ತಿರವಲ್ಲ, ತೋಳನ್ನು ಪೂರ್ತಿ ಚಾಚಿ, ತಲೆ ಎಲ್ಲಿರಬೇಕೋ ಅಲ್ಲಿ. ಕುದುರೆಗೆ ತನ್ನ ಮೂತಿಯ ನೇರ ಕೆಳಗೆ ಇರುವುದು ಕಾಣಿಸದು. ಹಾಗಾಗಿ ಅಂಗೈಯನ್ನು ಚಪ್ಪಟೆಯಾಗಿ ಹಿಡಿದರೆ ಮೇಲ್ದುಟಿಯ ಒರಟು ಮೀಸೆಗೂದಲು ಮೊದಲು ಬಂದು ಅಂಗೈಯನ್ನು ಸವರಿ ನೋಡುತ್ತದೆ, ಆಮೇಲೆ ತುಟಿಯ ತುದಿ ಬೆರಳಿನ ಹಾಗೆ ಮಡಚಿ ತುಂಡನ್ನು ಎತ್ತಿಕೊಳ್ಳುತ್ತದೆ. ಹಲ್ಲು ತಾಗುವುದೇ ಇಲ್ಲ. ಇದು ಹತ್ತಾರು ಬಾರಿ ಆಗುವಷ್ಟರಲ್ಲಿ ಕುದುರೆ ಚೀಲ ಕಂಡೊಡನೆ ತಾನೇ ಮುಖ ತಿರುಗಿಸಿ ನಿಲ್ಲತೊಡಗುತ್ತದೆ. ಬೇಡಿದರೆ ಸಿಗದು, ಬಿಟ್ಟು ನಿಂತರೆ ಸಿಗುತ್ತದೆ ಎಂದು ಅದಕ್ಕೆ ತಿಳಿದಿದೆ.

ಏನು ಕೊಡಬೇಕು, ಎಷ್ಟು ಎಂಬುದರಲ್ಲಿ ಅಸಡ್ಡೆ ಸಲ್ಲದು. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಚಿಕ್ಕದು, 8ರಿಂದ 15 ಲೀಟರ್. ದಿನದಲ್ಲಿ 16 ಗಂಟೆಯವರೆಗೂ ಮೇಯುತ್ತ, ಸ್ವಲ್ಪ ಸ್ವಲ್ಪವೇ ತಿನ್ನುವಂತೆ ಅದರ ಮೈಕಟ್ಟಿದೆ. ಒಮ್ಮೆಗೇ ಹೆಚ್ಚು ಕಾಳು ಹಾಕಿದರೆ ಹೊಟ್ಟೆಶೂಲೆ, ಸಕ್ಕರೆ ಅಂಶ ಅತಿಯಾದರೆ ಗೊರಸಿನ ಊತ, ಎರಡೂ ಪ್ರಾಣಕ್ಕೆ ಕುತ್ತು ತರಬಲ್ಲವು. ಹಾಗಾಗಿ ಬೆಲ್ಲದ ಉಂಡೆಗಿಂತ ನಾಲ್ಕು ಎಸಳು ಕುದುರೆ ಮಸಾಲೆ ಸೊಪ್ಪು ಅಥವಾ ಉಗುರುದ್ದದ ಕ್ಯಾರೆಟ್ ಸೀಳು ವಾಸಿ. ಕ್ಯಾರೆಟ್ಟನ್ನು ಬಿಲ್ಲೆಯಾಗಿ ಕತ್ತರಿಸಿದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಉದ್ದಕ್ಕೆ ಸೀಳಬೇಕು. ಪಾಠಕ್ಕೆ ಕೊಟ್ಟದ್ದನ್ನು ದಿನದ ಮೇವಿನಲ್ಲಿ ಕಳೆಯಬೇಕು. ಕಲಿಯಲೆಂದು ಉಪವಾಸ ಕೆಡವುವುದಂತೂ ಕೂಡದು. ಹಸಿದ ಕುದುರೆಗೆ ತಿನಿಸು ಬಿಟ್ಟು ಬೇರೇನೂ ಕಾಣದು, ಹುಲ್ಲು ತಿಂದು ತಣಿದದ್ದೇ ಚೆನ್ನಾಗಿ ಕಲಿಯುತ್ತದೆ.

ತಿನಿಸೇ ಏಕೆ, ಕತ್ತು ತಟ್ಟಿ ಶಭಾಸ್ ಎಂದರೆ ಸಾಲದೇ? ಫ್ರಾನ್ಸಿನ ರೆನ್ ನಗರದ ಕರೋಲ್ ಸಾಂಕೆ ಮತ್ತು ಸಂಗಡಿಗರು 2010ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ಆಜ್ಞೆ ಕೇಳಿ ಅಲುಗದೆ ನಿಲ್ಲುವುದನ್ನು ಕೆಲವು ಕುದುರೆಗಳಿಗೆ ತಿನಿಸು ಕೊಟ್ಟು, ಇನ್ನು ಕೆಲವಕ್ಕೆ ಹೆಗಲ ಮೇಲೆ ಕೆರೆದು ಕಲಿಸಿದರು. ತಿನಿಸು ಪಡೆದವು ಚೆನ್ನಾಗಿ ಕಲಿತವು, ಮನುಷ್ಯರ ಹತ್ತಿರ ತಾವಾಗಿ ಬರತೊಡಗಿದವು. ಅದೇ ತಂಡದ ಇನ್ನೊಂದು ಅಧ್ಯಯನದಲ್ಲಿ ತಿನಿಸಿನಿಂದ ಕಲಿತ ಕುದುರೆಗಳು ತಿಂಗಳುಗಟ್ಟಲೆ ಬಿಡುವಿನ ನಂತರವೂ ಪಾಠವನ್ನು ಮರೆತಿರಲಿಲ್ಲ. ಅಷ್ಟೇ ಅಲ್ಲ, ಅಪರಿಚಿತರು ಬಂದರೂ ಹತ್ತಿರ ಹೋಗುತ್ತಿದ್ದವು. ಕುದುರೆಗಳು ಒಂದನ್ನೊಂದು ಹೆಗಲ ಬಳಿ ಮೆಲ್ಲಗೆ ಕಡಿದು ಕೆರೆಯುವುದುಂಟು, ಅದು ಅವುಗಳ ಎದೆಬಡಿತವನ್ನು ತಗ್ಗಿಸುತ್ತದೆ. ಆದರೆ ನಾವು ಕತ್ತಿನ ಮೇಲೆ ಬಡಿಯುವ ಚಪ್ಪರಿಕೆ ಕುದುರೆಯ ಲೋಕದಲ್ಲಿ ಇಲ್ಲ.

ತಿನಿಸಿಗೆ ಇನ್ನೊಂದು ಉಪಯೋಗವಿದೆ, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅದು ಭಯವನ್ನು ಅಳೆಯುತ್ತದೆ. ಅತಿಯಾಗಿ ಹೆದರಿದ ಕುದುರೆ ತಿನ್ನುವುದಿಲ್ಲ. ಇಷ್ಟದ ಕ್ಯಾರೆಟ್ಟನ್ನು ಬಾಯಿಗಿಟ್ಟರೂ ಬಿಟ್ಟುಬಿಟ್ಟರೆ, ಅಥವಾ ಮೆಲ್ಲಗೆ ತೆಗೆದುಕೊಳ್ಳುತ್ತಿದ್ದದ್ದು ಥಟ್ಟನೆ ಕಸಿದುಕೊಳ್ಳತೊಡಗಿದರೆ ನೀವು ಎರಡು ಹೆಜ್ಜೆ ಬೇಗ ಹೋಗಿದ್ದೀರಿ ಎಂದರ್ಥ. ಹಿಂದಕ್ಕೆ ಬಂದು, ಸುಲಭವಾದದ್ದನ್ನು ಮಾಡಿಸಿ, ಅಂದಿಗೆ ನಿಲ್ಲಿಸಬೇಕು. ಚಾವಟಿ ಹಿಡಿದವನಿಗೆ ಈ ಮಾಹಿತಿ ಸಿಗುವುದಿಲ್ಲ. ಭಯಪಟ್ಟು ಹತ್ತಿದ ಕುದುರೆಯೂ ಸಮಾಧಾನದಿಂದ ಹತ್ತಿದ ಕುದುರೆಯೂ ಅವನಿಗೆ ಒಂದೇ.

ಬಹುಮಾನ ಕೊಡುತ್ತಿದ್ದೇವೆ ಎಂದು ತಿಳಿಯದೆ ಕೊಟ್ಟರೂ ಕುದುರೆ ಕಲಿಯುತ್ತದೆ ಎನ್ನುವುದಕ್ಕೆ ಬರ್ಲಿನ್ನಿನ ಹಾನ್ಸ್ ಸಾಕ್ಷಿ. ನಿವೃತ್ತ ಗಣಿತದ ಮೇಷ್ಟ್ರು ವಿಲ್ಹೆಲ್ಮ್ ಫಾನ್ ಓಸ್ಟೆನ್ ತಮ್ಮ ಕುದುರೆಗೆ ಲೆಕ್ಕ ಕಲಿಸಿದ್ದೇನೆಂದು ನಂಬಿದ್ದರು. ಅದು ಗೊರಸಿನಿಂದ ನೆಲ ತಟ್ಟಿ ಸರಿಯುತ್ತರ ಹೇಳುತ್ತಿತ್ತು, ತಿನ್ನಲು ಪಡೆಯುತ್ತಿತ್ತು. ಮನಃಶಾಸ್ತ್ರಜ್ಞ ಆಸ್ಕರ್ ಪ್ಫುಂಗ್‌ಸ್ಟ್ 1907ರಲ್ಲಿ ಗುಟ್ಟು ಬಿಡಿಸಿದರು. ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ ಅವರಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಹಾನ್ಸ್ ಅದನ್ನು ಓದಿ ಕಾಲು ನಿಲ್ಲಿಸುತ್ತಿತ್ತು. ಇದನ್ನು ಕೇಳಿ ಕುದುರೆ ದಡ್ಡ ಎಂದುಕೊಂಡವರುಂಟು. ನನಗಂತೂ ಲೆಕ್ಕ ಮಾಡುವುದಕ್ಕಿಂತ ಇದೇ ಹೆಚ್ಚಿನದೆನಿಸುತ್ತದೆ. ಒಂದು ನೋಟ, ಒಂದು ಬಿಗಿದ ಭುಜವನ್ನು ಓದಬಲ್ಲ ಪ್ರಾಣಿಯ ಮೇಲೆ ಹಗ್ಗ, ಚಾವಟಿಗಳ ಅಬ್ಬರ ಬೇಕೇ?

ಆ ಸೂಕ್ಷ್ಮವನ್ನು ತಿಳಿದೇ ಬಳಸಿಕೊಂಡವರು ನಾರ್ವೆಯ ಸಂಶೋಧಕರು. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 23 ಕುದುರೆಗಳಿಗೆ ಮೂರು ಹಲಗೆಗಳ ಅರ್ಥ ಕಲಿಸಿದರು. ಒಂದನ್ನು ಮುಟ್ಟಿದರೆ ಮೈಮೇಲೆ ಕಂಬಳಿ ಹೊದಿಸಿ ಎಂದು, ಇನ್ನೊಂದನ್ನು ಮುಟ್ಟಿದರೆ ಕಂಬಳಿ ತೆಗೆಯಿರಿ ಎಂದು, ಮೂರನೆಯದಕ್ಕೆ ಇದ್ದ ಹಾಗೇ ಇರಲಿ ಎಂದು. ದಿನಕ್ಕೆ ಹತ್ತು ಹದಿನೈದು ನಿಮಿಷ, ಕ್ಯಾರೆಟ್ ಚೂರುಗಳ ಬಹುಮಾನ. 14 ದಿನಗಳಲ್ಲಿ ಅಷ್ಟೂ ಕುದುರೆಗಳು ಕಲಿತವು. ಆಮೇಲೆ ಏನು ಆರಿಸಿದರೂ ಕ್ಯಾರೆಟ್ ಸಿಗುವಂತೆ ಮಾಡಿ ಆಯ್ಕೆಯನ್ನು ಅವುಗಳಿಗೇ ಬಿಟ್ಟಾಗ, ಮಳೆಗಾಳಿಯ ಚಳಿಯಲ್ಲಿ ಕಂಬಳಿ ಬೇಕೆಂದವು, ಬಿಸಿಲು ಬಂದಾಗ ತೆಗೆಸಿಕೊಂಡವು. ನಾವು ಕೇಳುವ ರೀತಿ ಕಲಿತದ್ದಕ್ಕೆ ಅವು ತಮಗೇನು ಬೇಕೆಂದು ಹೇಳಿದವು.

ತಿನಿಸೊಂದೇ ಸಾಕು ಎಂದು ನಾನು ವಾದಿಸುತ್ತಿಲ್ಲ. ಸವಾರಿ ಎನ್ನುವುದು ಬಹುಮಟ್ಟಿಗೆ ಒತ್ತಡ ಮತ್ತು ಬಿಡುಗಡೆಯ ಭಾಷೆ. ಲಗಾಮು ಬಿಗಿಯುತ್ತದೆ, ಕುದುರೆ ನಿಲ್ಲುತ್ತದೆ, ಲಗಾಮು ಸಡಿಲವಾಗುತ್ತದೆ. ಒತ್ತಡ ಹಗುರವಾಗಿದ್ದು, ಬಿಡುಗಡೆ ತಕ್ಷಣ ಬಂದರೆ ಅದರಿಂದಲೂ ಕುದುರೆ ಬೇಸರವಿಲ್ಲದೆ ಕಲಿಯುತ್ತದೆ. ರಸ್ತೆಯ ಮೇಲೆ ಬೆದರಿದ ಕುದುರೆಯನ್ನು ಹಿಡಿಯುವಾಗ ಚೀಲಕ್ಕೆ ಕೈ ಹಾಕುವ ವ್ಯವಧಾನವೂ ಇರುವುದಿಲ್ಲ. ಆದರೆ ಟ್ರೇಲರ್, ಸೂಜಿಮದ್ದು, ಲಾಳ ಹೊಡೆಯಲು ಕಾಲೆತ್ತುವುದು, ಪಂದ್ಯದ ಆರಂಭದ ಗೇಟಿನೊಳಗೆ ನಿಲ್ಲುವುದು ಇಂಥ ಕಡೆ ಕುದುರೆಗೆ ಭಯವೂ ಉಂಟು, ಹಿಂದಿನ ಕಹಿ ನೆನಪೂ ಉಂಟು, ನಮಗೆ ಮೊದಲೇ ಸಿದ್ಧಪಡಿಸಲು ಸಮಯವೂ ಉಂಟು. ಅಲ್ಲೆಲ್ಲ ಬಲಪ್ರಯೋಗಕ್ಕೆ ಇನ್ನು ಸಮರ್ಥನೆ ಉಳಿದಿಲ್ಲ.

ನಮ್ಮಲ್ಲಿ ಇದರ ಅರ್ಧ ದಾರಿ ಸವೆದೇ ಇದೆ. ಮೈಸೂರು ದಸರೆಗೆ ಮುಂಚೆ ಆನೆಗಳ ಜತೆಗೆ ಅಶ್ವದಳದ ಕುದುರೆಗಳನ್ನೂ ನಿಲ್ಲಿಸಿ ಸಿಡಿಮದ್ದಿನ ತಾಲೀಮು ನಡೆಸುತ್ತಾರೆ. ಜಂಬೂಸವಾರಿಯ ದಿನ 21 ಕುಶಾಲತೋಪು ಸಿಡಿಯುವಾಗ ಜನಜಂಗುಳಿಯ ನಡುವೆ ಅವು ಬೆದರಬಾರದೆಂದು ಈ ಏರ್ಪಾಡು. ಸದ್ದಿಗೆ ಮೆಲ್ಲಮೆಲ್ಲನೆ ಒಗ್ಗಿಸಬೇಕೆಂಬ ತಿಳಿವಳಿಕೆ ಈ ತಾಲೀಮಿನಲ್ಲಿಯೇ ಇದೆ. ಪ್ರತಿ ಸಿಡಿತದ ಬೆನ್ನಿಗೆ, ಕುದುರೆ ಇನ್ನೂ ತಿನ್ನುವಷ್ಟು ನಿರಾಳವಾಗಿರುವ ದೂರದಲ್ಲಿ ನಿಲ್ಲಿಸಿ, ಒಂದು ತುತ್ತು ಮೇವು ಸೇರಿಸಿದರೆ ಆ ಸದ್ದು ಸಹಿಸಬೇಕಾದ್ದಾಗಿ ಉಳಿಯದೆ ಕಾದು ಕೇಳುವಂಥದ್ದಾಗುತ್ತದೆ.

ಇದೆಲ್ಲ ಕೊನೆಗೆ ನಿಲ್ಲುವುದು ಸೈಸ್‌ಗಳ ಕೈಯಲ್ಲಿ. ಕುದುರೆಗೆ ನೀರಿಡುವವರು, ಮೈ ಉಜ್ಜುವವರು, ರಾತ್ರಿ ಶೂಲೆ ಬಂದರೆ ಎಬ್ಬಿಸಿ ನಡೆಸುವವರು ಅವರು. ಟ್ರೇಲರ್ ಹತ್ತಿಸಲು ಅರ್ಧ ಗಂಟೆಯಾದರೆ ಬೈಸಿಕೊಳ್ಳುವವರೂ ಅವರೇ. ಚಾಲಕ ಹಾರನ್ ಒತ್ತುತ್ತಿರುವಾಗ ಯಾವ ಸೈಸ್ ತಾನೇ ತಾಳ್ಮೆಯ ಪಾಠ ಹೇಳಿಯಾನು? ಲಾಯದ ಒಡೆಯರು, ತರಬೇತಿದಾರರು ಒಂದು ಕ್ಲಿಕ್ಕರ್, ಒಂದು ಚೀಲ, ಒಂದಿಷ್ಟು ಕ್ಯಾರೆಟ್ ಕೊಡುವುದರ ಜತೆಗೆ ಪ್ರತಿ ಕುದುರೆಗೆ ದಿನಕ್ಕೆ ಹತ್ತು ನಿಮಿಷವನ್ನು ಸೈಸ್‌ನ ಕೆಲಸದ ಪಟ್ಟಿಯಲ್ಲಿ ಬರೆದುಕೊಡಬೇಕು. ಟ್ರೇಲರನ್ನು ಪಯಣದ ದಿನ ಮಾತ್ರ ತರಿಸದೆ, ಯಾವ ಪಯಣವೂ ಇಲ್ಲದ ವಾರದಲ್ಲಿ ಬಾಗಿಲು ತೆರೆದು ಅಂಗಳದಲ್ಲಿ ನಿಲ್ಲಿಸಿಡಬೇಕು.